ಹೆಬ್ಬೆರಳಿನ ಸಂಗೀತ: ‘ನ್ಯೂ ಏನ್ಷಂಟ್ ಸ್ಟ್ರಿಂಗ್ಸ್’ ಧ್ವನಿಮುದ್ರಿಕೆಯ ವಿಮರ್ಶೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ತುಮಾನಿ ದಿಯಾಬಾತೆ ಮತ್ತು ಬಲಾಕೆ ಸಿಸೊಕೊ ಎಂಬ ಇಬ್ಬರು ಕೋರಾ (ಸೋರೆಬುರುಡೆಯಿಂದ ಮಾಡಿದ, ಬೆರಳುಗಳಿಂದ ಮೀಟುವ ತಂತಿವಾದ್ಯ) ವಾದಕರು ಜೊತೆಯಾಗಿ ನುಡಿಸಿದ ‘ನ್ಯೂ ಏನ್ಷಂಟ್ ಸ್ಟ್ರಿಂಗ್ಸ್’ ಎಂಬ ಧ್ವನಿಮುದ್ರಿಕೆ 1999ರಲ್ಲಿ ಹೊರಬಂದಿತು. ಇದರಲ್ಲಿರುವುದು ಎಂಟು ಕೃತಿಗಳು ಮತ್ತು ಎರಡೇ ವಾದ್ಯಗಳು. ಹಾಡುಗಾರಿಕೆಯಿಲ್ಲ, ತಾಳವಾದ್ಯವಿಲ್ಲ, ನಮ್ಮ ಕಿವಿಗೆ ಒಗ್ಗಿಹೋಗಿರುವ ತಂಬೂರಿಯ ಶ್ರುತಿಯೂ ಇಲ್ಲ. ಹೀಗಿದ್ದರೂ, ಪುಣೆಯಲ್ಲಿ ನೆಲೆಸಿ, ಡಿಸೆಂಬರಿನ ಸವಾಯಿ ಗಂಧರ್ವ ಭೀಮಸೇನ ಸಂಗೀತ ಮಹೋತ್ಸವಕ್ಕಾಗಿ ವರ್ಷವಿಡೀ ಕಾಯುವ ನಮ್ಮಂಥ ಕನ್ನಡಿಗರಿಗೆ ಕೋರಾ ಸಂಗೀತದ ಪರಿಚಯವಾಗಬೇಕಾದರೆ ಮೊದಲು ಕೇಳಬೇಕಾದದ್ದು ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಕೋರಾ ಎಂದೊಡನೆ ಜನ ಬೆರಳುಗಳ ವೇಗವನ್ನು ಹೊಗಳುತ್ತಾರೆ. ಆದರೆ ಆ ಸಂಗೀತದ ಭಾವವೆಲ್ಲ ನಿಂತಿರುವುದು ವೇಗದ ಕೆಳಗೆ ಸದ್ದಿಲ್ಲದೆ ನಡೆದಿರುವ ಹೆಬ್ಬೆರಳಿನ ಕೆಲಸದ ಮೇಲೆ. ಅದನ್ನು ಈ ಮುದ್ರಿಕೆಯಷ್ಟು ಸ್ಪಷ್ಟವಾಗಿ ಕೇಳಿಸುವ ಮತ್ತೊಂದು ಮುದ್ರಿಕೆಯನ್ನು ನಾನು ಕಂಡಿಲ್ಲ.

ವಾದ್ಯದ ರಚನೆಯನ್ನು ತಿಳಿಯದೆ ಈ ಮಾತು ಅರ್ಥವಾಗುವುದು ಕಷ್ಟ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಓಡಾಡುವ ನಮಗೆಲ್ಲ ಮೀರಜ್ ಎಂದರೆ ತಂಬೂರಿ ಮತ್ತು ಸಿತಾರ್ ತಯಾರಾಗುವ ಊರು. ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ ಬೆಳೆದು ಒಣಗಿದ ದೊಡ್ಡ ಬುರುಡೆಗಳನ್ನು ಅಲ್ಲಿಯ ಕುಶಲಕರ್ಮಿಗಳು ಆರಿಸಿ, ಕೊಯ್ದು, ಒಳಗಿನ ತಿರುಳನ್ನು ಹೆರೆದು, ಅದರ ಬಾಯಿಗೆ ಮರದ ತಬಲಿಯನ್ನು, ಅಂದರೆ ಮುಖದ ಹಲಗೆಯನ್ನು, ಕೂಡಿಸುತ್ತಾರೆ. ಕೋರಾಕ್ಕೂ ಆಧಾರ ಒಣಗಿದ ಬುರುಡೆಯೇ. ಬುರುಡೆಯನ್ನು ಸರಿಯಾಗಿ ಅರ್ಧಕ್ಕೆ ಕೊಯ್ದು, ತೆರೆದ ಬಾಯಿಯ ಮೇಲೆ ಮರದ ಬದಲು ಹಸುವಿನ ತೊಗಲನ್ನು ಹಸಿಯಾಗಿರುವಾಗಲೇ ಎಳೆದು ಬಿಗಿದು, ಅಂಚಿನ ಸುತ್ತ ಮೊಳೆ ಹೊಡೆದು ಒಣಗಿಸುತ್ತಾರೆ. ಅಂದರೆ ಕೋರಾದ ಹೊಟ್ಟೆ ತಂಬೂರಿಯದು, ಮುಖ ಚರ್ಮವಾದ್ಯದ್ದು. ಅದರ ನಾದದಲ್ಲಿ ತಂತಿಯ ಇಂಪಿನ ಹಿಂದೆಯೇ ಮೃದುವಾದ ಒಂದು ಬಡಿತವೂ ಕೇಳಿಸುವುದಕ್ಕೆ ಕಾರಣ ಇದೇ. ಬುರುಡೆಯನ್ನು ತೂರಿಕೊಂಡು ಹೋಗುವ ಉದ್ದನೆಯ ಗಟ್ಟಿ ಮರದ ದಂಡಿಗೆ ಹೆಣೆದ ತೊಗಲಿನ ಉಂಗುರಗಳನ್ನು ಬಿಗಿಯಾಗಿ ಸುತ್ತಿರುತ್ತಾರೆ, ಒಂದೊಂದು ಉಂಗುರಕ್ಕೂ ಒಂದೊಂದು ತಂತಿ. ಶ್ರುತಿ ಮಾಡುವುದೆಂದರೆ ಈ ಉಂಗುರಗಳನ್ನು ಕೈಯಿಂದ ಒತ್ತಿ ತಿರುಗಿಸುತ್ತ ಮೇಲಕ್ಕೋ ಕೆಳಕ್ಕೋ ಸರಿಸುವುದು. ಅದು ಬಲವನ್ನೂ ತಾಳ್ಮೆಯನ್ನೂ ಬೇಡುವ ಕೆಲಸವಾದ್ದರಿಂದ ಇಂದಿನ ಹಲವು ವಾದಕರು ಗಿಟಾರಿನಂಥ ತಿರುಗಣೆಗಳನ್ನು ಹಾಕಿಸಿಕೊಂಡಿದ್ದಾರೆ. ಹಿಂದೆ ತಂತಿಗಳನ್ನು ತೊಗಲನ್ನು ಹೊಸೆದು ಮಾಡುತ್ತಿದ್ದರು, ಈಗ ಹೆಚ್ಚಿನವರು ಬಳಸುವುದು ಮೀನು ಹಿಡಿಯುವ ನೈಲಾನ್ ದಾರ.

ಇಂದಿನ ಕೋರಾದಲ್ಲಿ 21 ತಂತಿಗಳಿವೆ. ಸ್ಕಾಟ್ಲೆಂಡಿನ ಪ್ರವಾಸಿ ಮಂಗೊ ಪಾರ್ಕ್ 1799ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಸೀಮೆಯ ವಾದ್ಯಗಳನ್ನು ಹೆಸರಿಸುವಾಗ ‘ಕೊರ್ರೊ’ ಎಂಬ 18 ತಂತಿಗಳ ದೊಡ್ಡ ವಾದ್ಯವೊಂದನ್ನು ಉಲ್ಲೇಖಿಸಿದ್ದಾನೆ. ತಂತಿಗಳು ಸಿತಾರಿನಂತೆ ದಂಡಿಯ ಮೇಲೆ ಒರಗಿ ಮಲಗುವುದಿಲ್ಲ. ತೊಗಲಿನ ನಡುವೆ ನೆಟ್ಟಗೆ ನಿಂತ ಎತ್ತರದ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ತುಂಡಿನ) ಎರಡು ಪಕ್ಕದಲ್ಲಿ, ಎಡಕ್ಕೆ 11 ಮತ್ತು ಬಲಕ್ಕೆ 10ರಂತೆ, ಎರಡು ಸಾಲಾಗಿ ಹಾಯುತ್ತವೆ. ವಾದಕ ಬುರುಡೆಯ ಬೆನ್ನನ್ನು ನಮ್ಮತ್ತ, ತಂತಿಗಳನ್ನು ತನ್ನತ್ತ ಇಟ್ಟುಕೊಂಡು ಕೂರುತ್ತಾನೆ. ತೊಗಲಿನ ಮೇಲಿನ ಎರಡು ಹಿಡಿಗೋಲುಗಳನ್ನು ಎರಡೂ ಕೈಗಳ ಕೊನೆಯ ಮೂರು ಬೆರಳುಗಳು ಹಿಡಿದಿರುತ್ತವೆ. ನುಡಿಸುವುದಕ್ಕೆ ಉಳಿಯುವುದು ಎರಡು ಹೆಬ್ಬೆರಳು ಮತ್ತು ಎರಡು ತೋರುಬೆರಳು ಮಾತ್ರ. ಈ ಮುದ್ರಿಕೆಯನ್ನು ಕೇಳುವಾಗ ಈ ಸಂಗತಿಯನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಕಿವಿಗೆ ಬೀಳುವುದು ನಾಲ್ಕು ಬೆರಳುಗಳ ಕೆಲಸವೆಂದು ನಂಬುವುದೇ ಕಷ್ಟ.

ಈ ನಾಲ್ಕು ಬೆರಳುಗಳ ನಡುವೆ ಒಂದು ಕೆಲಸದ ಹಂಚಿಕೆಯಿದೆ. ಹೆಬ್ಬೆರಳುಗಳು ಕೆಳಗಿನ ಸ್ವರಗಳಲ್ಲಿ ಒಂದು ಸಣ್ಣ ವರಸೆಯನ್ನು ಹಿಡಿದು, ಅದನ್ನೇ ತಿರುಗಿ ತಿರುಗಿ ನುಡಿಸುತ್ತ ಕೃತಿಗೆ ನೆಲೆಯನ್ನು ಒದಗಿಸುತ್ತವೆ. ಇದಕ್ಕೆ ಪಶ್ಚಿಮ ಆಫ್ರಿಕಾದ ಮಾಂಡಿಂಕ ಜನಾಂಗದ ವಾದಕರು ‘ಕುಂಬೆಂಗೊ’ ಎನ್ನುತ್ತಾರೆ. ಅದರ ಮೇಲೆ ತೋರುಬೆರಳುಗಳು ಮೇಲಿನ ಸ್ವರಗಳಿಂದ ಕೆಳಕ್ಕೆ ಹನಿಗಳಂತೆ ಉದುರಿಸುವ ಚುರುಕಾದ ಓಟಗಳು ‘ಬಿರಿಮಿಂತಿಂಗೊ’. ಮೊದಲ ಸಲ ಕೇಳುವವರ ಗಮನವನ್ನು ಸೆಳೆಯುವುದು ಈ ಎರಡನೆಯದೇ. ಆ ಓಟಗಳು ಬೆರಗುಗೊಳಿಸುವಂಥವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬ ಕೋರಾ ವಾದಕನ ತೂಕವನ್ನು ಬಲ್ಲವರು ಅಳೆಯುವುದು ಕುಂಬೆಂಗೊದಲ್ಲಿ: ಅದು ಎಷ್ಟು ಹೊತ್ತು ನಡೆದರೂ ಬೇಸರ ತರಿಸದಂತೆ, ಒಂದು ಸ್ವರವನ್ನು ಕೂದಲೆಳೆಯಷ್ಟು ತಡವಾಗಿ ಮೀಟುತ್ತ, ಇನ್ನೊಂದನ್ನು ತುಸು ಒತ್ತುತ್ತ, ಮತ್ತೊಂದನ್ನು ನುಡಿಸದೆಯೇ ಬಿಡುತ್ತ, ಅದೇ ವರಸೆಯನ್ನು ಜೀವಂತವಾಗಿಡುವುದರಲ್ಲಿ.

‘ನ್ಯೂ ಏನ್ಷಂಟ್ ಸ್ಟ್ರಿಂಗ್ಸ್’ನ ಹಿಂದೆ ಒಂದು ಹಳೆಯ ಮುದ್ರಿಕೆಯಿದೆ. 1970ರಲ್ಲಿ ತುಮಾನಿಯವರ ತಂದೆ ಸಿದಿಕಿ ದಿಯಾಬಾತೆ ಮತ್ತು ಬಲಾಕೆಯವರ ತಂದೆ ಜೆಲಿಮಾದಿ ಸಿಸೊಕೊ ಮತ್ತಿಬ್ಬರು ವಾದಕರೊಡನೆ ಸೇರಿ, ‘ಪ್ರಾಚೀನ ತಂತಿಗಳು’ ಎಂಬರ್ಥದ ಹೆಸರಿನಲ್ಲಿ, ಕೇವಲ ಕೋರಾ ವಾದನದ ಒಂದು ಮುದ್ರಿಕೆಯನ್ನು ತಂದಿದ್ದರು. ಅಲ್ಲಿಯವರೆಗೆ ಮುಖ್ಯವಾಗಿ ಹಾಡಿಗೆ ಜೊತೆ ನೀಡುವ ವಾದ್ಯವಾಗಿದ್ದ ಕೋರಾಕ್ಕೆ ತಾನೇ ನಿಂತು ಮಾತನಾಡುವ ಧೈರ್ಯವನ್ನು ಕೊಟ್ಟ ದಾಖಲೆಗಳಲ್ಲಿ ಅದು ಮುಖ್ಯವಾದದ್ದು. ಸಿದಿಕಿಯವರು ಕೋರಾದ ದೊರೆಯೆಂದೇ ಹೆಸರಾದವರು. ಅವರು 1996ರಲ್ಲಿ ತೀರಿಕೊಂಡರು. ಮರುವರ್ಷ, 1997ರ ಸೆಪ್ಟೆಂಬರ್ 22ರಂದು, ಮಾಲಿಯ ಸ್ವಾತಂತ್ರ್ಯ ದಿನದ ರಾತ್ರಿ, ರಾಜಧಾನಿ ಬಮಾಕೊದ ಸಮ್ಮೇಳನ ಭವನದ ಅಮೃತಶಿಲೆಯ ಹಜಾರದಲ್ಲಿ ಮಕ್ಕಳಿಬ್ಬರೂ ಎದುರುಬದುರು ಕುಳಿತು ಅಪ್ಪಂದಿರ ಮುದ್ರಿಕೆಗೆ ಉತ್ತರವೆಂಬಂತೆ ಇದನ್ನು ನುಡಿಸಿದರು. ಒಂದೇ ರಾತ್ರಿಯಲ್ಲಿ, ಯಾವ ಪದರವನ್ನೂ ಆಮೇಲೆ ಸೇರಿಸದೆ ಮುಗಿಸಿದ ಧ್ವನಿಮುದ್ರಣ ಇದು.

ಇಬ್ಬರೂ ಬಮಾಕೊದಲ್ಲಿ ನೆರೆಹೊರೆಯ ಮನೆಗಳಲ್ಲಿ ಬೆಳೆದವರು. ತುಮಾನಿಯವರು 1965ರಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಒಂದು ಕಾಲು ದುರ್ಬಲವಾಗಿತ್ತು. ತಂದೆ ಎದುರು ಕೂರಿಸಿಕೊಂಡು ಪಾಠ ಹೇಳಿದ್ದಿಲ್ಲ, ಮನೆಯಲ್ಲಿ ಕೇಳಿ ಕೇಳಿಯೇ ಕಲಿತದ್ದು ಎಂದು ಅವರು ಹೇಳಿಕೊಂಡಿದ್ದಾರೆ. ಬಲಾಕೆಯವರು ತಂದೆ ತೀರಿಕೊಂಡಾಗ ಇನ್ನೂ ಹುಡುಗ. ಮಾಲಿಯ ರಾಷ್ಟ್ರೀಯ ವಾದ್ಯವೃಂದದಲ್ಲಿ ತಂದೆ ಕೂರುತ್ತಿದ್ದ ಸ್ಥಾನದಲ್ಲಿ ಹೋಗಿ ಕುಳಿತು, ಮನೆಯ ಹೊಣೆಯನ್ನು ಹೊತ್ತವರು. ಈ ಎರಡು ಬಾಳುಗಳ ಅಂತರ ವಾದನದಲ್ಲಿಯೂ ಕೇಳಿಸುತ್ತದೆ ಎಂದು ನನಗನ್ನಿಸುತ್ತದೆ. ತುಮಾನಿಯವರ ಬೆರಳುಗಳಿಗೆ ಹೊಸ ದಾರಿಯನ್ನು ಹುಡುಕುವ ತವಕ, ಬಲಾಕೆಯವರದ್ದು ಕಾಯುವ ಸ್ವಭಾವ. ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ನೆಲೆಯನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ.

ನಮ್ಮ ಜುಗಲ್‌ಬಂದಿಗಳಲ್ಲಿ, ಅದರಲ್ಲೂ ಕೊನೆಯ ಸವಾಲ್-ಜವಾಬಿನಲ್ಲಿ, ಒಂದು ಪೈಪೋಟಿ ಇದ್ದೇ ಇರುತ್ತದೆ. ಸಭೆ ಚಪ್ಪಾಳೆ ತಟ್ಟುವುದೂ ಹೆಚ್ಚಾಗಿ ಆ ಘಟ್ಟದಲ್ಲಿಯೇ. ಈ ಮುದ್ರಿಕೆಯಲ್ಲಿ ಪೈಪೋಟಿಯ ಸುಳಿವೂ ಇಲ್ಲ. ಒಂದು ಕೋರಾ ಕುಂಬೆಂಗೊವನ್ನು ಹಿಡಿದಾಗ ಇನ್ನೊಂದು ಮೇಲಕ್ಕೆ ಹೊರಡುತ್ತದೆ, ಅದು ಇಳಿದು ಬರುವಷ್ಟರಲ್ಲಿ ಇದು ಹೊರಡುತ್ತದೆ, ನೆಲೆ ಯಾವ ಕೈಯಿಂದ ಯಾವ ಕೈಗೆ ದಾಟಿತೆಂಬುದು ಹಲವು ಸಲ ತಿಳಿಯುವುದೇ ಇಲ್ಲ. ಮೊದಲನೆಯ ಕೃತಿ ‘ಬಿ ಲಂಬಮ್’ನಲ್ಲಿ ಇದನ್ನು ಗಮನಿಸಿ ಕೇಳಬೇಕು. ‘ಲಂಬಮ್’ ಅಥವಾ ‘ಲಂಬನ್’ ಎಂಬುದು ಅರಸರದ್ದಲ್ಲ, ವೀರರದ್ದಲ್ಲ, ಈ ಸಂಗೀತವನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದ ಜೆಲಿಗಳದ್ದೇ ಆದ ಕೃತಿ, ಅವರ ಸಂಭ್ರಮದ ಸಮಯದಲ್ಲಿ ಕೇಳಿಬರುವಂಥದ್ದು. ಅಪ್ಪಂದಿರ ನೆನಪಿನ ಮುದ್ರಿಕೆಯನ್ನು ಶೋಕದಿಂದಲ್ಲದೆ ತಮ್ಮ ಕುಲದ ಈ ಸಂಭ್ರಮದಿಂದ ಆರಂಭಿಸಿದ್ದು ಬಹಳ ಘನವಾದ ನಿರ್ಧಾರವೆಂದು ನಾನು ಭಾವಿಸುತ್ತೇನೆ.

ಜೆಲಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಈ ಸಂಗೀತದ ಭಾವಶಕ್ತಿಯ ಬೇರು ಅಲ್ಲಿದೆ. ಮಾಲಿಯಲ್ಲಿ ಜೆಲಿ, ಗ್ಯಾಂಬಿಯಾದಲ್ಲಿ ಜಾಲಿ, ಫ್ರೆಂಚರ ಬಾಯಲ್ಲಿ ಗ್ರಿಯೊ ಎಂದು ಕರೆಯಿಸಿಕೊಳ್ಳುವ ಈ ಜನ ಮಾಂಡಿಂಕರೂ ಸೇರಿದ ಮಾಂಡೆ ಸಮಾಜದ ವಂಶಾವಳಿಗಳನ್ನು, ಯುದ್ಧಗಳ ಕಥೆಗಳನ್ನು, ಮನೆತನಗಳ ಮಾನಮರ್ಯಾದೆಯ ಸಂಗತಿಗಳನ್ನು ನೆನಪಿನಲ್ಲಿಟ್ಟು ಹೇಳುವವರು. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತನ ಮಹಾಕಥನ ಇಂದಿಗೂ ಉಳಿದಿರುವುದು ಅವರ ಕಂಠದಲ್ಲಿ. ದಿಯಾಬಾತೆ, ಕುಯಾತೆ, ಸಿಸೊಕೊ, ಕೊಂತೆ ಎಂಬ ಅಡ್ಡಹೆಸರುಗಳೇ ಅವರ ವೃತ್ತಿಯನ್ನು ಸಾರುತ್ತವೆ. ತುಮಾನಿಯವರ ಮನೆತನದವರು ತಮ್ಮದು 71 ತಲೆಮಾರುಗಳ ಪರಂಪರೆಯೆಂದು ಹೇಳಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಇಲ್ಲಿ ಹೆಳವರ ನೆನಪಾಗದೆ ಇರದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಯ ಮುಂದೆ ನಿಂತು, ಮನೆಯವರೇ ಮರೆತಿದ್ದ ಮುತ್ತಜ್ಜನ ಅಪ್ಪನ ಹೆಸರಿನಿಂದ ಹಿಡಿದು ಇಡೀ ವಂಶವನ್ನು ಒಪ್ಪಿಸುವ ಹೆಳವನ ಧ್ವನಿಯನ್ನು ಕೇಳಿದವರಿಗೆ, ನೆನಪೇ ಒಂದು ವೃತ್ತಿಯಾಗಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆಲಿಗಳ ಪಾತ್ರ ಇನ್ನೂ ವಿಸ್ತಾರವಾದದ್ದು: ಅವರು ಅರಸರ ಸಭೆಯಲ್ಲಿ ಮಾತು ಮುಟ್ಟಿಸುವವರು, ಜಗಳಗಳನ್ನು ಬಗೆಹರಿಸುವವರು, ಮದುವೆ ಮತ್ತು ನಾಮಕರಣಗಳಲ್ಲಿ ಇರಲೇಬೇಕಾದವರು.

ಕೋರಾದ ತವರು ಮಾಲಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಶ್ಚಿಮಕ್ಕೆ, ಇಂದಿನ ಗ್ಯಾಂಬಿಯಾ, ಸೆನೆಗಲ್‌ನ ಕಾಸಮಾನ್ಸ್ ಮತ್ತು ಗಿನಿ-ಬಿಸಾವುಗಳಲ್ಲಿ ಹರಡಿದ್ದ ಕಾಬು ರಾಜ್ಯದ ಸೀಮೆಯಲ್ಲಿ ಅದು ಬೆಳೆಯಿತು. ಆ ರಾಜ್ಯದ ಜಾಲಿ ಮಾದಿ ವುಲೆಂಗ್ ಎಂಬಾತನಿಗೆ ಒಬ್ಬ ಜಿನ್ನನಿಂದ ಮೊದಲ ಕೋರಾ ದೊರೆಯಿತೆಂದು ಐತಿಹ್ಯವಿದೆ. ಗ್ಯಾಂಬಿಯಾದಲ್ಲಿ ಬೆಳೆದ ಸಿದಿಕಿಯವರಂಥ ವಾದಕರು ಬಂದು ನೆಲೆಸಿದ ಮೇಲೆ ಬಮಾಕೊದಲ್ಲಿ ಈ ವಾದ್ಯಕ್ಕೆ ಹೊಸ ಬಾಳು ಬಂದಿತು. ಪಶ್ಚಿಮದ ಶೈಲಿಗೆ ಗತಿಯ ಗತ್ತು ಹೆಚ್ಚು, ಮಾಲಿಯ ಶೈಲಿ ನಿಧಾನವಾದದ್ದು, ವಿಸ್ತಾರವನ್ನು ಬಯಸುವಂಥದ್ದು. ಈ ಮುದ್ರಿಕೆಯಲ್ಲಿ ಎರಡೂ ಬೆರೆತಿವೆ.

ಕೃತಿಗಳಲ್ಲಿ ನನ್ನನ್ನು ಅತ್ಯಂತ ಆಳವಾಗಿ ತಟ್ಟಿದ್ದು ‘ಕಿತಾ ಕೈರಾ’. ಕಿತಾ ಎಂಬುದು ಜೆಲಿಗಳಿಗೆ ಹೆಸರಾದ ಮಾಲಿಯ ಒಂದು ಪಟ್ಟಣ. ‘ಕೈರಾ’ 1940ರ ದಶಕದಲ್ಲಿ ಫ್ರೆಂಚ್ ಆಡಳಿತದ ವಿರುದ್ಧದ ಯುವಜನರ ಚಳವಳಿಯೊಂದಿಗೆ ಹೆಣೆದುಕೊಂಡ ಹಾಡು, ಸಿದಿಕಿಯವರೂ ಆ ಚಳವಳಿಯಲ್ಲಿದ್ದವರು. ತುಮಾನಿಯವರು 1988ರಲ್ಲಿ ಹೊರತಂದ ತಮ್ಮ ಮೊದಲ ಏಕವಾದನದ ಮುದ್ರಿಕೆಗೂ ಇದೇ ಹಾಡಿನ ಹೆಸರನ್ನು ಇಟ್ಟಿದ್ದರು. ಹೋರಾಟದ ಹಾಡೆಂದರೆ ನಾವು ಏರುದನಿಯನ್ನು ನಿರೀಕ್ಷಿಸುತ್ತೇವೆ. ಇದು ಹಾಗಿಲ್ಲ. ಹೆಬ್ಬೆರಳುಗಳ ವರಸೆ ಅವಸರವಿಲ್ಲದೆ ಸುತ್ತುತ್ತದೆ. ಅದರ ಮೇಲೆ ತೋರುಬೆರಳು ಒಂದೇ ಸ್ವರವನ್ನು ಮೀಟಿ, ಅದು ತೊಗಲಿನ ಮೇಲೆ ಪೂರ್ತಿ ಇಳಿದು ಹೋಗುವವರೆಗೆ ಬಿಟ್ಟು, ನಂತರವೇ ಮುಂದಿನದಕ್ಕೆ ಹೋಗುತ್ತದೆ. ಹಜಾರದ ಅಮೃತಶಿಲೆಯ ಗೋಡೆಗಳಿಂದ ಮರಳಿ ಬರುವ ಅನುರಣನ ಆ ಬಿಡುವುಗಳಲ್ಲಿ ಕೇಳಿಸುತ್ತದೆ. ನಡುವೆ ಒಂದೆಡೆ ಎರಡೂ ಕೋರಾಗಳು ಇಳಿಯುತ್ತ ಬಂದು ನೆಲೆಯಲ್ಲಿ ಸೇರುವ ರೀತಿ, ಬಹುದಿನದ ಮೇಲೆ ಭೇಟಿಯಾದವರು ಮಾತಿಲ್ಲದೆ ಕೈ ಹಿಡಿದಂತೆ ಇದೆ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

‘ಬಾಫುಲಾಬೆ’ ಎಂಬ ಕೃತಿಯೂ ಹೀಗೆಯೇ ಒಂದು ಊರಿನ ಹೆಸರನ್ನು ಹೊತ್ತದ್ದು. ಬಾಫಿಂಗ್ ಮತ್ತು ಬಕೊಯೆ ನದಿಗಳು ಕೂಡಿ ಸೆನೆಗಲ್ ನದಿಯಾಗುವ ಸಂಗಮದ ಊರು ಅದು. ಅಲ್ಲಿಯ ಜನರೊಡನೆ ಸಲಿಗೆಯಿಂದಿದ್ದ ಒಂದು ನೀರಾನೆಯನ್ನು ಬೇಟೆಗಾರನೊಬ್ಬ ಕೊಂದ ಕಥೆ ಆ ಸೀಮೆಯಲ್ಲಿ ಹಾಡಾಗಿ ಉಳಿದಿದೆ. ‘ಶೇಖ್ನಾ ದೆಂಬಾ’ದಲ್ಲಿ ಗತಿ ಚುರುಕಾಗುತ್ತದೆ. ಕೋರಾವನ್ನು ಬರೀ ಸೌಮ್ಯವಾದ ವಾದ್ಯವೆಂದು ಭಾವಿಸಿದವರು ಮೊದಲು ಇದನ್ನು ಕೇಳುವುದು ಒಳ್ಳೆಯದು. ಉಳಿದ ಕೃತಿಗಳಲ್ಲಿ ‘ಸಲಮಾನ್’ ಮತ್ತು ‘ಕದಿಯಾತು’ ಶಾಂತವಾಗಿವೆ, ಚೆನ್ನಾಗಿವೆ, ಆದರೆ ‘ಕಿತಾ ಕೈರಾ’ದ ಆಳಕ್ಕೆ ಇಳಿಯುವುದಿಲ್ಲ.

ನಮ್ಮ ಸಂಗೀತವನ್ನು ಕೇಳಿ ಬೆಳೆದವರಿಗೆ ಇಲ್ಲಿ ಎದುರಾಗುವ ತೊಡಕುಗಳೂ ಇವೆ. ಪುಣೆಯ ಕೊಥ್ರೂಡಿನ ಮನೆಯಲ್ಲಿ ಕೆಲವು ಕನ್ನಡಿಗ ಸ್ನೇಹಿತರೊಡನೆ ಕೂತು ಇದನ್ನು ಕೇಳಿದಾಗ, ಗದಗ ಕಡೆಯ, ತಬಲಾ ಬಲ್ಲ ಹಿರಿಯರೊಬ್ಬರು ಮೊದಲ ಕೃತಿಯಿಂದಲೇ ತೊಡೆಯ ಮೇಲೆ ತಾಳ ಹಾಕತೊಡಗಿದರು. ಮೂರರ ಎಣಿಕೆ ಹಿಡಿದರು, ಅದು ಸರಿಹೋಯಿತು. ಸ್ವಲ್ಪ ಹೊತ್ತಿಗೆ ಎರಡರ ಎಣಿಕೆಯೂ ಸರಿಹೋಗತೊಡಗಿತು. “ಇದರದು ಸಮ್ ಎಲ್ಲೈತಿ ಹೇಳ್ರಿ ನೋಡೋಣು” ಎಂದು ನನ್ನನ್ನು ಕೇಳಿದರು. ಸಮ್ ಎಂದರೆ ತಾಳದ ಆವರ್ತನದ ಮೊದಲ ಪೆಟ್ಟು. ಎರಡೂ ಎಣಿಕೆಗಳು ಒಟ್ಟಿಗೇ ನಡೆದಿರುತ್ತವೆ, ಒಂದು ಹೆಬ್ಬೆರಳಿನಲ್ಲಿ ಮತ್ತು ಒಂದು ತೋರುಬೆರಳಿನಲ್ಲಿ ಇರಬಹುದು, ಎಂದು ನಾನು ಹೇಳಿದೆ. ಅವರು ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು ಹಿಡಿದು ಕಣ್ಣು ಮುಚ್ಚಿಕೊಂಡರು. ಕೃತಿ ಮುಗಿದ ಮೇಲೆ, “ಈಗ ಕೂತ್ತು ನೋಡ್ರಿ. ಆದ್ರ ಸಮ್ಮಿಗೆ ಬಂದು ನಿಲ್ಲೂದು ಅಂತ ಇವರಲ್ಲಿ ಇಲ್ಲ ಬಿಡ್ರಿ, ಇವರು ಎಲ್ಲಿಂದ ಬೇಕಾದ್ರೂ ಮನಿಗೆ ಬರ್ತಾರ” ಎಂದರು. ಈ ಸಂಗೀತದ ಲಯದ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ವಿವರಣೆ ಅದು.

ಎರಡನೆಯ ತೊಡಕು ಸ್ವರದ್ದು. ಕೋರಾದಲ್ಲಿ ಮೀಂಡ್ ಇಲ್ಲ, ಗಮಕವಿಲ್ಲ. ತಂತಿಯನ್ನು ಮೀಟಿದ ಕ್ಷಣದಿಂದ ನಾದ ಕರಗುತ್ತ ಹೋಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿಯೇ ರಾಗದ ಪ್ರಾಣವಿದೆಯೆಂದು ನಂಬಿರುವ ಕಿವಿಗೆ ಇದು ಮೊದಲು ಬಡವಾಗಿ ಕೇಳಬಹುದು. ಏಳು ಸ್ವರಗಳ ಕೆಲವೇ ಶ್ರುತಿಗಳಲ್ಲಿ ವಾದ್ಯವನ್ನು ಮೊದಲೇ ಕೂಡಿಸಿಟ್ಟುಕೊಳ್ಳುತ್ತಾರೆ. ‘ಸಿಲಾಬಾ’ ಎಂಬ ಶ್ರುತಿ ನಮ್ಮ ಬಿಲಾವಲ್ ಥಾಟಿಗೆ ಸಮೀಪ, ತೀವ್ರ ಮಧ್ಯಮವಿರುವ ‘ಸೌತಾ’ ಕಲ್ಯಾಣಕ್ಕೆ ಸಮೀಪ. ಇವನ್ನು ಪಿಯಾನೊದ ಸ್ವರಗಳಿಗೆ ಹೋಲಿಸಿ ನೋಡಿದರೆ ಕೆಲವು ಸ್ವರಗಳು ತುಸು ಏರಿ ಅಥವಾ ಇಳಿದು ನಿಂತಿರುತ್ತವೆ, ಆ ಅಂತರವೇ ಆಯಾ ವಾದಕನ ಗುರುತು. ಆಲಾಪದಿಂದ ಆರಂಭಿಸಿ ದ್ರುತ್‌ವರೆಗೆ ಏರುವ ನಮ್ಮ ಕ್ರಮ ಇಲ್ಲಿಲ್ಲ. ಕೃತಿ ಎಲ್ಲಿ ಆರಂಭವಾಯಿತೋ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ, ಒಳಗೆ ಮಾತ್ರ ಬೆಳೆಯುತ್ತದೆ.

ಹೀಗೆ ಇದ್ದಲ್ಲಿಯೇ ಇರುವ ಸಂಗೀತ ಮನಸ್ಸನ್ನು ಇಷ್ಟು ಕಲಕುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ನನಗೆ ತೋರುವ ಉತ್ತರ ಇದು. ಕರಗಿಹೋಗುವ ನಾದವನ್ನು ಹಿಡಿದಿಡುವ ಉಪಾಯ ವಾದಕನ ಕೈಯಲ್ಲಿಲ್ಲ, ಮತ್ತೆ ಮೀಟುವುದೊಂದೇ ದಾರಿ. ಕುಂಬೆಂಗೊ ಮಾಡುವುದು ಅದನ್ನೇ. ಪ್ರತಿ ಸುತ್ತಿನಲ್ಲಿಯೂ ಹೋದದ್ದನ್ನು ಮತ್ತೆ ಕರೆಯುತ್ತದೆ. ಸತ್ತವರ ಹೆಸರುಗಳನ್ನು ಮತ್ತೆ ಮತ್ತೆ ಹೇಳಿ ಉಳಿಸುವುದನ್ನೇ ಬದುಕಾಗಿ ಮಾಡಿಕೊಂಡ ಕುಲದ ಕೈಯಲ್ಲಿ ಇಂಥ ವಾದ್ಯ ಬೆಳೆದಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ತಂದೆ ತೀರಿಕೊಂಡ ಮರುವರ್ಷ ತುಮಾನಿಯವರು ತಂದೆಯ ಹಾಡಿನ ವರಸೆಯನ್ನು ಹೆಬ್ಬೆರಳಿನಲ್ಲಿ ಹಿಡಿದಿದ್ದಾರೆ, ಮೇಲಿನ ತಂತಿಗಳಲ್ಲಿ ತಮ್ಮ ಮಾತನ್ನು ಆಡಿದ್ದಾರೆ. ಇಂದು ಕೇಳುವವರಿಗೆ ಈ ಸುತ್ತು ಇನ್ನಷ್ಟು ಭಾರವಾಗಿದೆ, ಏಕೆಂದರೆ ತುಮಾನಿಯವರೂ 2024ರ ಜುಲೈ 19ರಂದು ಬಮಾಕೊದಲ್ಲಿ ತೀರಿಕೊಂಡರು.

ಮುದ್ರಿಕೆಯ ಕೊರತೆಗಳನ್ನೂ ಹೇಳಬೇಕು. ಮುಖ್ಯವಾದದ್ದು, ಇದರಲ್ಲಿ ಕಂಠವಿಲ್ಲ. ಕೋರಾದ ಪೂರ್ಣ ಸಂಪ್ರದಾಯದಲ್ಲಿ ವಾದನದ ಜೊತೆ ಹಾಡಿನ ಸಾಲು ಇರುತ್ತದೆ, ವಂಶವನ್ನು ಹೊಗಳುವ ವೇಗವಾದ ವಾಚನವಿರುತ್ತದೆ, ಹೆಂಗಸರ ತಾರಸ್ಥಾಯಿಯ ಹಾಡಿಕೆಯಿರುತ್ತದೆ. ಮಾಲಿಯಲ್ಲಿ ಜನ ಹೆಚ್ಚು ಮನ್ನಿಸುವುದು ಆ ಗಾಯಕಿಯರನ್ನೇ. ಈ ಮುದ್ರಿಕೆಯೊಂದನ್ನೇ ಕೇಳಿದವರು ಕೋರಾ ಏಕಾಂತದ ವಾದ್ಯವೆಂದು ಭಾವಿಸಿಬಿಡುವ ಅಪಾಯವಿದೆ. ನಿಜದಲ್ಲಿ ಅದು ಜನರ ನಡುವೆ, ಮದುವೆಯ ಚಪ್ಪರದಲ್ಲಿ, ನೋಟು ಕೊಡುವವರ ಗದ್ದಲದಲ್ಲಿ ಬೆಳೆದ ವಾದ್ಯ. ಬುರುಡೆಯ ಪಕ್ಕದಲ್ಲಿ ಕೊರೆದ ನಾದರಂಧ್ರದೊಳಗೆ ಕೇಳುಗರು ಕಾಣಿಕೆ ಹಾಕುವ ರೂಢಿಯೂ ಉಂಟು. ಹಳೆಯ ಕೋರಾಗಳ ಕುದುರೆಗೆ ಸಿಕ್ಕಿಸುತ್ತಿದ್ದ, ಅಂಚಿಗೆಲ್ಲ ಸಣ್ಣ ಬಳೆಗಳಿರುವ ತಗಡಿನ ತುಂಡಿನ ಝಲ್ಲೆನ್ನುವ ಸದ್ದೂ ಇಲ್ಲಿ ಕೇಳಸಿಗದು. ಹಲವು ವಾದಕರು ಅದನ್ನು ಈಗ ಬಿಟ್ಟಿದ್ದಾರೆ. ತಂಬೂರಿಯ ಜವಾರಿಯನ್ನು, ಅದರ ಝೇಂಕಾರವನ್ನು, ಪ್ರೀತಿಸುವ ನನಗೆ ಅದು ನಷ್ಟವೆಂದೇ ಅನ್ನಿಸುತ್ತದೆ. ಮತ್ತೊಂದು ತೊಂದರೆ, ಎರಡೂ ವಾದ್ಯಗಳ ನಾದ ಒಂದೇ ಆದ್ದರಿಂದ ಯಾರು ಏನನ್ನು ನುಡಿಸುತ್ತಿದ್ದಾರೆಂಬುದು ಮೊದಮೊದಲು ತಿಳಿಯುವುದಿಲ್ಲ.

ಈ ಕಾರಣಕ್ಕಾಗಿಯೇ ಮೊಬೈಲಿನ ಸ್ಪೀಕರಿನಲ್ಲಿ ಇದನ್ನು ಕೇಳಬಾರದು. ಅದರಲ್ಲಿ ಹೆಬ್ಬೆರಳಿನ ಕೆಳಗಿನ ತಂತಿಗಳು ಬಹುಪಾಲು ಅಳಿಸಿಹೋಗಿ, ಮೇಲಿನ ಕಿಣಿಕಿಣಿ ಮಾತ್ರ ಉಳಿಯುತ್ತದೆ. ಕೋರಾ ಎಂದರೆ ಮಲಗುವ ಮುನ್ನ ಕೇಳುವ ಹಿತವಾದ ಸದ್ದು ಎಂಬ ತಪ್ಪು ಅಭಿಪ್ರಾಯ ಹುಟ್ಟಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಸಾಧಾರಣವಾದ ಹೆಡ್‌ಫೋನ್ ಸಾಕು, ಅಥವಾ ಮನೆಯಲ್ಲಿ ಎರಡು ಸ್ಪೀಕರುಗಳಿದ್ದರೆ ಅವುಗಳನ್ನು ಸಾಕಷ್ಟು ದೂರವಿಟ್ಟು ನಡುವೆ ಕೂತರೆ ಎರಡು ಕೋರಾಗಳೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಕೇಳುವವರು ಕೃತಿಗಳ ಅನುಕ್ರಮವನ್ನು ಕಲಸಿಬಿಡುವ ಗುಂಡಿಯನ್ನು ಮೊದಲು ಆಫ್ ಮಾಡಬೇಕು. ‘ಬಿ ಲಂಬಮ್’ ಆದ ಮೇಲೆ ‘ಕಿತಾ ಕೈರಾ’ ಬರುವವರೆಗಿನ ಇಳಿತಕ್ಕೆ ಒಂದು ಅರ್ಥವಿದೆ.

ಕೇಳುವ ಕ್ರಮದ ಬಗ್ಗೆ ಒಂದು ಸಲಹೆ. ಮೊದಲ ಸಲ ತೋರುಬೆರಳಿನ ಓಟಗಳನ್ನು ಮನದಣಿಯೆ ಕೇಳಿ ಬಿಡಿ, ಅವುಗಳನ್ನು ತಡೆಯುವುದು ಹೇಗೂ ಸಾಧ್ಯವಿಲ್ಲ. ಎರಡನೆಯ ಸಲ ಅವುಗಳನ್ನು ಬಿಟ್ಟುಕೊಟ್ಟು ಕೆಳಗಿನ ವರಸೆಯೊಂದನ್ನೇ ಹಿಡಿದು, ಸಾಧ್ಯವಾದರೆ ಬಾಯಲ್ಲಿ ಗುನುಗಿಕೊಳ್ಳುತ್ತ, ಕೊನೆಯವರೆಗೆ ಹೋಗಬೇಕು. ಗುನುಗುವಾಗ ಗೊತ್ತಾಗುತ್ತದೆ, ಒಂದೇ ಎಂದುಕೊಂಡಿದ್ದ ವರಸೆ ಹತ್ತಾರು ಕಡೆ ತಿರುಗಿದೆಯೆಂದು.

ಇದು ಹಿಡಿಸಿದವರು ಮುಂದೆ ಹೋಗಬಹುದಾದ ದಾರಿಗಳು ಹಲವಿವೆ. ತುಮಾನಿಯವರು 2008ರಲ್ಲಿ ಹೊರತಂದ ‘ದಿ ಮಾಂಡೆ ವೇರಿಯೇಷನ್ಸ್’ ಏಕವಾದನ. ಅದರಲ್ಲಿ ಅಗಲಿದ ಗೆಳೆಯ, ಗಿಟಾರ್ ವಾದಕ ಅಲಿ ಫಾರ್ಕಾ ತುರೆ ಅವರ ಹೆಸರಿನ ಕೃತಿಯೊಂದಿದೆ. ಆ ಇಬ್ಬರೂ ಕೂಡಿ ನುಡಿಸಿ ಗ್ರ್ಯಾಮಿ ಪ್ರಶಸ್ತಿ ಪಡೆದ 2005ರ ‘ಇನ್ ದಿ ಹಾರ್ಟ್ ಆಫ್ ದಿ ಮೂನ್’ ಅನ್ನೂ ಅದರೊಡನೆ ಕೇಳಬೇಕು. ಬಲಾಕೆಯವರ ಕಾಯುವ ಗುಣವನ್ನು ಮೆಚ್ಚಿದವರಿಗೆ, ಫ್ರಾನ್ಸಿನ ಚೆಲ್ಲೊ ವಾದಕ ವಿನ್ಸಾಂ ಸೆಗಾಲ್ ಅವರೊಡನೆ ಅವರು ನುಡಿಸಿದ 2009ರ ‘ಚೇಂಬರ್ ಮ್ಯೂಸಿಕ್’ ಇದೆ. ಅಲ್ಲಿ ಕೆಳಗಿನ ನೆಲೆಯನ್ನು ಚೆಲ್ಲೊ ಹಿಡಿದಾಗ ಕೋರಾ ಎಷ್ಟು ಹಗುರಾಗುತ್ತದೆ ಎಂಬುದನ್ನು ಗಮನಿಸಬಹುದು.

ಕಂಠದೊಡನೆ ಕೋರಾವನ್ನು ಕೇಳಬೇಕೆನ್ನುವವರಿಗೆ ನಾನು ಹೇಳುವುದು ಸೋನಾ ಜೋಬಾರ್ತೆ ಅವರ 2011ರ ‘ಫಾಸಿಯಾ’. ಗ್ಯಾಂಬಿಯಾದ ಜಾಲಿ ಮನೆತನದ ಅವರು ಹಿರಿಯ ವಾದಕ ಅಮಾದು ಬನ್ಸಾಂಗ್ ಜೋಬಾರ್ತೆ ಅವರ ಮೊಮ್ಮಗಳು. ತಂದೆಯಿಂದ ಮಗನಿಗೆ ಮಾತ್ರ ದಾಟುತ್ತಿದ್ದ ಕೋರಾವನ್ನು ವೃತ್ತಿಯಾಗಿ ಕೈಗೆತ್ತಿಕೊಂಡ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಅವರು ಹಾಡುತ್ತ ನುಡಿಸುವಾಗ ಹಾಡಿನ ಸಾಲು ಉಸಿರಿಗೆ ನಿಂತಲ್ಲೆಲ್ಲ ಹೆಬ್ಬೆರಳಿನ ವರಸೆ ತಡೆಯಿಲ್ಲದೆ ಮುಂದುವರಿಯುವುದನ್ನು ಕೇಳಿದ ಮೇಲೆ, ಮಾತಿಲ್ಲದ ‘ಕಿತಾ ಕೈರಾ’ದಲ್ಲಿ ಹಾಡು ಎಲ್ಲಿ ಇದ್ದಿರಬೇಕು ಎಂಬುದೂ ಸ್ವಲ್ಪ ಸ್ವಲ್ಪವಾಗಿ ತಿಳಿಯತೊಡಗುತ್ತದೆ.